ನನ್ನ ಮನೆಯ ಬಾಗಿಲನ್ನು ಪ್ರಾಸಿ ಮುಚ್ಚಿದಾಗ

ಎರಡು ವರ್ಷದ ಹಿಂದಿನ ಮಾತು. ರಂಜಾನ್ ಹಬ್ಬದ ರಜೆ ಮುಗಿದ ವಾರ ನನಗೊಂದು ಇಮೇಲ್ ಬಂತು. ಉಗಾಂಡದ ಹಳ್ಳಿಯೊಂದರ ಆರೋಗ್ಯ ಕೇಂದ್ರದಲ್ಲಿ ಮೂರು ತಿಂಗಳು ಸ್ವಯಂಸೇವಕಿಯಾಗಿ ದುಡಿಯಲು ನನ್ನನ್ನು ಆರಿಸಿದ್ದರು. ನಾನು ಕರಾವಳಿಯ ಶಿರ್ವದವಳು. ಆಗ ಹತ್ತೊಂಬತ್ತು ವರ್ಷದಿಂದ ದೋಹಾದ ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನರ್ಸ್ ಆಗಿದ್ದೆ. ಮಗಳು ಕಾಲೇಜಿಗೆಂದು ಮಂಗಳೂರಿಗೆ ಹೋದ ಮೇಲೆ, ಮೈಯಲ್ಲಿ ಶಕ್ತಿ ಇರುವಾಗಲೇ ಇಂಥದ್ದೊಂದು ಕೆಲಸ ಮಾಡಬೇಕು ಎನಿಸಿ ಅರ್ಜಿ ಹಾಕಿದ್ದೆ.

ಹೊರಡಲು ಎಂಟು ವಾರ ಇತ್ತು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆ. ಸೊಳ್ಳೆಪರದೆ, ಟಾರ್ಚ್, ಮಲೇರಿಯಾ ಮಾತ್ರೆ ಹೊಂದಿಸಿದೆ. ವಾರಕ್ಕೊಮ್ಮೆ ಆನ್‌ಲೈನ್ ತರಬೇತಿ. ಅದರಲ್ಲಿ ಒಂದು ವಾರ, ಗರ್ಭಿಣಿಯರ ಮನೆಗೆ ಹೋಗಿ ಹದಿನಾಲ್ಕು ಪ್ರಶ್ನೆ ಕೇಳಿ ಫಾರಂ ತುಂಬುವುದನ್ನು, ಆ ದೇಶದವರು ಯಾರಾದರೂ ಸಿಕ್ಕರೆ ಅವರ ಜೊತೆ ಅಭ್ಯಾಸ ಮಾಡಿ ಎಂದರು. ದೂರದ ಊರಾದ ದುಖಾನ್‌ನಲ್ಲಿ ಕೆಲಸ ಮಾಡುತ್ತಾ ವಾರಕ್ಕೊಮ್ಮೆ ಮನೆಗೆ ಬರುವ ನನ್ನ ಗಂಡ ರೋಶನ್ ನಕ್ಕುಬಿಟ್ಟರು.

“ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದವಳಿಗೆ ಪ್ರಶ್ನೆ ಕೇಳ್ಲಿಕ್ಕೆ ಎಂತ ಅಭ್ಯಾಸ ಮಾರಾಯ್ತಿ?”

ನನಗೂ ಹಾಗೆಯೇ ಅನಿಸಿತ್ತು.

ದೋಹಾದ ಹೊರವಲಯದ ಅಲ್ ವುಕೈರ್‌ನ ನಮ್ಮ ಬಿಲ್ಡಿಂಗಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದ ಪ್ರಾಸಿ ಉಗಾಂಡದವಳೆಂದು ಯಾರೋ ಹೇಳಿದ್ದು ನೆನಪಾಯಿತು. ಮೂವತ್ತು ದಾಟಿದ ಹೆಂಗಸು. ಮೂರು ವರ್ಷದಿಂದ ದಿನಾ ಅವಳು ಗುಡ್ ಮಾರ್ನಿಂಗ್ ಹೇಳುತ್ತಿದ್ದಳು, ನಾನೂ ಹೇಳುತ್ತಿದ್ದೆ, ಅಷ್ಟೇ. ಕೇಳಿದ ಕೂಡಲೇ ಒಪ್ಪಿದಳು. ಶುಕ್ರವಾರ ಅವಳ ಡ್ಯೂಟಿ ಮಧ್ಯಾಹ್ನದ ಮೇಲೆ. ಒಂದು ಗಂಟೆ ಮೊದಲೇ ಬಂದಳು. ನಮ್ಮ ಫ್ಲ್ಯಾಟೇ ಹಳ್ಳಿಯ ಮನೆ, ಅವಳು ಗರ್ಭಿಣಿ, ನಾನು ನರ್ಸ್ ಎಂದು ಮಾತಾಯಿತು. ಇಂಗ್ಲಿಷಿನಲ್ಲೇ ನಮ್ಮ ಮಾತುಕತೆ.

ನಾನು ಹೊರಗೆ ಹೋಗಿ ಬಾಗಿಲು ತಟ್ಟಿದೆ. ಅವಳು ತೆರೆದಳು. ಹೆಸರು ಹೇಳಿ, ಎಷ್ಟು ತಿಂಗಳಾಯಿತು ಎಂದು ಕೇಳಿದೆ. ಚೆನ್ನಾಗಿದ್ದೇನೆ, ಥ್ಯಾಂಕ್ಯೂ ಎಂದು ಬಾಗಿಲು ಮುಚ್ಚಿದಳು. ಮತ್ತೆ ತಟ್ಟಿದೆ. ಮತ್ತೆ ಮುಚ್ಚಿದಳು. ಕಸದ ಚೀಲ ಹಿಡಿದು ಬಂದ ಪಕ್ಕದ ಮನೆಯ ಮಲಯಾಳಿ ಚೇಚಿ, ಕೀ ಒಳಗೆ ಮರೆತಿರಾ ಎಂದು ವಿಚಾರಿಸಿ ಹೋದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಮೂರನೇ ಸಲ ಪ್ರಾಸಿ ಹೊರಗೆ ಬಂದು ವಿವರಿಸಿದಳು. ಅವರ ಕಡೆ ನಿಂತುಕೊಂಡು ಯಾರೂ ಪ್ರಶ್ನೆ ಕೇಳುವುದಿಲ್ಲವಂತೆ. ಚಪ್ಪಲಿ ಕಳಚಿ ಚಾಪೆಯ ಮೇಲೆ ಕೂರಬೇಕು. ಮನೆಯವರು ಹೇಗಿದ್ದಾರೆ, ಬೆಳೆ ಹೇಗಿದೆ ಎಂದು ಕೇಳಬೇಕು. ಅವರು ನಮ್ಮ ಮನೆಯ ಸುದ್ದಿ ಕೇಳುವವರೆಗೂ ಕಾಯಬೇಕು. ಆಮೇಲೆ ಫಾರಂ.

ಹಾಲ್‌ನಲ್ಲಿ ಚಾಪೆ ಹಾಸಿ ಕುಳಿತೆವು. ಕುಶಲ ಸಮಾಚಾರವೆಲ್ಲ ಮುಗಿದ ಮೇಲೆ ಅವಳು ತಲೆಯಾಡಿಸಿದಳು. ನಾನು ಪೆನ್ ತೆಗೆದೆ. ಎಷ್ಟು ಹೆರಿಗೆಯಾಗಿದೆ? ಮೂರು. ಎಷ್ಟು ಮಕ್ಕಳಿದ್ದಾರೆ? ಇಬ್ಬರು. ಬರೆದುಕೊಂಡು ಮುಂದಿನದನ್ನು ಕೇಳಿದೆ: ಇನ್ನೊಂದಕ್ಕೆ ಏನಾಯಿತು?

ಅವಳು ಚಾಪೆಯ ಅಂಚನ್ನು ಬೆರಳಿನಿಂದ ಸವರತೊಡಗಿದಳು. ಏನು ಹೇಳಬೇಕೆಂದು ತೋಚಲಿಲ್ಲವೇನೋ ಎಂದುಕೊಂಡು, ಫಾರಂನಲ್ಲಿದ್ದ ಕಾರಣಗಳನ್ನು ಒಂದೊಂದಾಗಿ ಓದತೊಡಗಿದೆ. ತಲೆಯೆತ್ತಿ ನೋಡಿದಾಗ ತಿಳಿಯಿತು, ಅವಳು ನಟಿಸುತ್ತಿರಲಿಲ್ಲ.

“ನನಗೆ ಏಳು ತಿಂಗಳಾಗಿದ್ದಾಗ ಒಬ್ಬ ನರ್ಸ್ ಬಂದಿದ್ದಳು, ಸಿಸ್ಟರ್. ನಿಮ್ಮ ಹಾಗೆ ಬಾಗಿಲಲ್ಲೇ ನಿಂತಳು. ನನಗೆ ತಲೆನೋವಿತ್ತು, ಕಾಲು ಬಾತಿತ್ತು. ಅವಳಿಗೆ ಅವಸರ ಇತ್ತು. ಎಲ್ಲ ಚೆನ್ನಾಗಿದೆ ಅಂದುಬಿಟ್ಟೆ.”

ಎರಡು ವಾರದ ಮೇಲೆ ಅವಳಿಗೆ ಫಿಟ್ಸ್ ಬಂತಂತೆ. ಮಗು ಹೊಟ್ಟೆಯಲ್ಲೇ ಹೋಯಿತು. ಬಿಪಿ ಏರಿತ್ತೆಂದು ನನಗೆ ಅರ್ಥವಾಯಿತು. ಸಕಾಲದಲ್ಲಿ ನೋಡಿದ್ದರೆ ಮಗುವೂ ಉಳಿಯಬಹುದಿತ್ತು. ಪೆನ್ ಕೆಳಗಿಟ್ಟೆ. ಹೆಣ್ಣೋ ಗಂಡೋ ಎಂದಷ್ಟೇ ಕೇಳಿದೆ. ಹೆಣ್ಣು ಎಂದಳು. ಇಟ್ಟ ಹೆಸರನ್ನೂ ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಚಹಾ ಮಾಡಿಕೊಟ್ಟೆ. ಕುಡಿದು ಮುಖ ತೊಳೆದುಕೊಂಡು, ಡ್ಯೂಟಿಗೆ ಹೊತ್ತಾಯಿತೆಂದು ಕೆಳಗಿಳಿದಳು. ಮುಂದಿನ ಮೂರು ಶುಕ್ರವಾರವೂ ಬಂದಳು.

ಉಗಾಂಡಕ್ಕೆ ಹೋದ ಎರಡನೇ ವಾರ ಒಂದು ಮನೆಗೆ ಹೋದೆ. ಭಾಷೆ ಗೊತ್ತಿದ್ದ ಅಲ್ಲಿನ ಕಾರ್ಯಕರ್ತೆ ಜೊತೆಗಿದ್ದಳು. ತುಂಬುಗರ್ಭಿಣಿ ಸೊಸೆ ನನ್ನ ಪ್ರಶ್ನೆಗಳಿಗೆಲ್ಲ ಚೆನ್ನಾಗಿದ್ದೇನೆ ಎಂದೇ ಉತ್ತರಿಸಿದಳು. ಹಿಂದಿನ ನಾನಾಗಿದ್ದರೆ ಎದ್ದು ಬರುತ್ತಿದ್ದೆ. ಎದ್ದು ಬರಲಿಲ್ಲ. ಅತ್ತೆಯ ಜೊತೆ ಕುಳಿತು ಬೀನ್ಸ್ ಕಾಳು ಬಿಡಿಸಿದೆ. ಅರ್ಧ ಗಂಟೆ ಕಳೆದ ಮೇಲೆ ಸೊಸೆ ತಾನಾಗಿಯೇ, ಎರಡು ದಿನದಿಂದ ಕಣ್ಣು ಮಂಜಾಗುತ್ತಿದೆ ಎಂದಳು. ಬಿಪಿ ನೋಡಿದರೆ ವಿಪರೀತ ಏರಿತ್ತು. ಆಗಲೇ ಬೈಕಿನಲ್ಲಿ ಕೂರಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಮರುದಿನ ಆಪರೇಷನ್ ಆಯಿತು. ತಾಯಿ, ಮಗು ಇಬ್ಬರೂ ಉಳಿದರು.

ಪ್ರಾಸಿಗೆ ಮೆಸೇಜ್ ಮಾಡಿದೆ. ಡ್ಯೂಟಿ ಮುಗಿಸಿ ಫೋನ್ ಮಾಡಿದಳು. ಆ ತಾಯಿಯ ಹೆಸರು ಕೇಳಿದಳು, ಅಷ್ಟೇ.

ಈಗ ಮತ್ತೆ ದೋಹಾದಲ್ಲಿದ್ದೇನೆ. ಅದೇ ಆಸ್ಪತ್ರೆ, ಅದೇ ಉದ್ದದ ಕ್ಯೂ. ಒಬ್ಬೊಬ್ಬರಿಗೂ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತೇನೆ. ಕೆಲಸ ನಿಧಾನವೆಂದು ಬೈಸಿಕೊಂಡದ್ದೂ ಇದೆ. ಆದರೆ ಹಿಂದಿನ ಹತ್ತೊಂಬತ್ತು ವರ್ಷದಲ್ಲಿ “ಎಲ್ಲ ಚೆನ್ನಾಗಿದೆ ಸಿಸ್ಟರ್” ಎಂದು ಎದ್ದುಹೋದವರಲ್ಲಿ ಎಷ್ಟು ಮಂದಿ ನನ್ನ ಅವಸರ ನೋಡಿಯೇ ಹಾಗೆ ಹೇಳಿದರೋ, ಅದು ನನಗೆ ಯಾವತ್ತೂ ತಿಳಿಯುವುದಿಲ್ಲ.