ಹೇಮಾಶ್ರೀಯ ಒಂಟಿಕಣ್ಣಿನ ಯಂತ್ರ

ಬೇಲೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹೇಮಾಶ್ರೀಯ ತಲೆಗೆ ಹುಳ ಹೊಕ್ಕಿತೆಂದರೆ ಮುಗಿಯಿತು, ಒಲೆಯ ಮೇಲಿನ ಸಾರು ಉಕ್ಕಿದರೂ ಗೊತ್ತಾಗುವುದಿಲ್ಲ. 2001ರಲ್ಲಿ ಹೊಕ್ಕ ಹುಳ ಬೆಳಕಿನದು. ಯಾವ ಬೆಳಕಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂದು ಅಳೆಯಬೇಕು. ದೊಡ್ಡ ಲ್ಯಾಬುಗಳಲ್ಲಿ ಅದಕ್ಕೆ ಸಾಲುಸಾಲು ಸೆನ್ಸರುಗಳಿರುತ್ತವೆ. ಇವಳ ಹತ್ತಿರ ಇದ್ದದ್ದು ಒಂದೇ ಒಂದು.

ಅದಕ್ಕೆ ಇವಳು ಹೂಡಿದ ಉಪಾಯ ನೋಡಿ! ಷೋಕೇಸಿನಲ್ಲಿ ಮಿನುಗುತ್ತಿದ್ದ ಫೈಬರ್ ದೀಪದ ಎಳೆಗಳನ್ನೇ ಕಿತ್ತಳು. ಮದುವೆಯ ಉಡುಗೊರೆ ಅದು, ಗಂಡ ಮುಖ ಊದಿಸಿಕೊಂಡು ಓಡಾಡಿದ. ಪ್ರಿಸಂ ಗಾಜು ಬಿಡಿಸಿಟ್ಟ ಬಣ್ಣದ ಪಟ್ಟಿಗೆ ಎಳೆಗಳ ತುದಿಗಳನ್ನು ಸಾಲಾಗಿ ಒಡ್ಡಿದಳು, ಎಳೆಗೊಂದು ಬಣ್ಣ. ದುಂಡಗೆ ಜೋಡಿಸಿದ ಆಚೆ ತುದಿಗಳ ಮುಂದೆ ಒಂದೇ ತೂತಿನ ತಟ್ಟೆಯೊಂದು ಹಳೇ ಟೇಪ್‌ರೆಕಾರ್ಡರಿನ ಮೋಟಾರಿನಿಂದ ತಿರುಗುತ್ತಿತ್ತು. ತೂತಿನ ಎದುರಿಗೆ ಬಂದ ಎಳೆಯ ಬೆಳಕಷ್ಟೇ ಸೆನ್ಸರಿಗೆ. ಬಣ್ಣಗಳು ಸರದಿಯಲ್ಲಿ ಬಂದು ಹಾಜರಿ ಹಾಕುತ್ತಿದ್ದವು, ಸೆನ್ಸರಿಗೆ ಜೋಡಿಸಿದ ಪರದೆಯ ಮೇಲೆ ಒಂದೊಂದಕ್ಕೂ ಒಂದೊಂದು ಅಲೆ.

ಮೈಸೂರಿನ ಪ್ರೊಫೆಸರ್ ಷಡಕ್ಷರಪ್ಪ ವಿಜಯದಶಮಿಯ ಮಾರನೆಯ ದಿನ ಮನೆಗೇ ಬಂದು ನೋಡುವವರಿದ್ದರು. ಯಂತ್ರ ಮೆಚ್ಚಿದರೆ ಪಿಎಚ್‌ಡಿಗೆ ಸೇರಿಸಿಕೊಳ್ಳುತ್ತಾರೆ. ಮದುವೆಯಾದಾಗ ಕೈಬಿಟ್ಟ ಓದು ಅದು, ಇವಳಿಗೆ ಇನ್ನೂ ಹೊಟ್ಟೆ ಉರಿಯುತ್ತಿತ್ತು.

ಬಂದರು. ದೀಪ ಹೊತ್ತಿತು, ತಟ್ಟೆ ತಿರುಗಿತು. ಕೆಂಪು ಬಂತು, ಹಳದಿ ಬಂತು, ಹಸಿರೂ ಬಂತು. ನೀಲಿಯೇ ಇಲ್ಲ!

"ನೀಲಿ ಎಲ್ಲಮ್ಮಾ?"

"ಹಬ್ಬಕ್ಕೆ ಮುಂಚೆ ಇತ್ತು ಸಾರ್..." ಹೇಮಾಶ್ರೀ ಒಂದೊಂದನ್ನೇ ತಡಕಿ ನೋಡಿದಳು. ಎಳೆ ಸರಿಯಿದೆ, ಮೋಟಾರು ಸರಿಯಿದೆ. ಬಗ್ಗಿ ನೋಡಿದರೆ ಪ್ರಿಸಮ್ಮಿನ ಮೈಮೇಲೆ ತೆಳ್ಳಗೆ ಹಳದಿ ಬಳಿದಿದೆ!

"ಅತ್ತೇ!"

ರುಕ್ಮಿಣಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. "ಆಯುಧಪೂಜೇಲಿ ಸ್ಕೂಟರ್‌ಗೆ ಹಚ್ಚಿ, ನಿನ್ ಮಿಷಿನ್ನಿಗೂ ಅರಿಶಿನದ ನೀರು ಸವರಿದೆ ಕಣವ್ವ. ಆ ಗಾಜೇ ಅದರ ಮುಖ ಅಂದ್ಕೊಂಡೆ. ಕೆಟ್ಟೋಯ್ತಾ?"

ಹೇಮಾಶ್ರೀ ತಟ್ಟನೆ ನೆಟ್ಟಗಾದಳು. ಅರಿಶಿನ ನುಂಗುವುದೇ ನೀಲಿಯನ್ನು!

"ಕೆಟ್ಟಿಲ್ಲ ಸಾರ್! ಇದ್ದದ್ದು ಇದ್ದಂಗೆ ಹೇಳ್ತಿದೆ!" ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿದಳು. ಪರದೆಯ ಕೊನೆಯಲ್ಲಿ ನೀಲಿಯ ಅಲೆ ಎದ್ದು ನಿಂತಿತು.

ಷಡಕ್ಷರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. "ಇನ್ನೊಂದ್ಸಲ ಹಚ್ಚಿ, ನೋಡೋಣ!" ಹಚ್ಚಿದರೆ ನೀಲಿ ಮಾಯ, ಒರೆಸಿದರೆ ಹಾಜರ್. ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಮುಂದಿನ ವಾರ ಮೈಸೂರಿಗೆ ಬಂದ್ಬಿಡಿ. ನೀವು ನನ್ನ ವಿದ್ಯಾರ್ಥಿನಿ."

ರುಕ್ಮಿಣಮ್ಮ ಬಾಗಿಲಲ್ಲೇ ಮುಖ ಸಪ್ಪಗೆ ಮಾಡಿಕೊಂಡು ನಿಂತಿದ್ದರು. "ನಾನೇ ಹಾಳು ಮಾಡಿದ್ನೇನವ್ವ?"

ಸೊಸೆ ಓಡಿಹೋಗಿ ತಬ್ಬಿಕೊಂಡು ಜೋರಾಗಿ ಅತ್ತೇಬಿಟ್ಟಳು. "ಇಲ್ಲ ಅತ್ತೆ, ನಾನು ಮತ್ತೆ ಓದೋಕೆ ಹೋಗ್ತಿದೀನಿ."