ಗುಡ್ರುನ್ ಕೂಗುವುದಿಲ್ಲ

ಮೊದಲ ನೀರುದೋಸೆ ಕಾವಲಿಯಿಂದ ಏಳುವ ಮೊದಲೇ ಕೆಳಗಿನಿಂದ ಟಕ್ ಟಕ್ ಕೇಳಿಸುತ್ತದೆ. ಸ್ಟವ್ ಆರಿಸುತ್ತೇನೆ. ಎಂಟು ವರ್ಷದ ಮಗಳು ಜುಮಾನಾ ತನ್ನ ಉಪ್ಪನ, ಅಂದರೆ ನನ್ನ ಗಂಡನ, ಟವೆಲ್ ಹೊದ್ದು ಬಾಗಿಲಲ್ಲಿ ನಿಂತಿದ್ದಾಳೆ. "ಉಮ್ಮಾ, ಯಲ್ಲಾ, ಬೇಗ! ಆಂಟಿ ಸ್ಟಾರ್ಟ್ ಮಾಡಿದ್ರು."

ದೋಹಾದ ಅಲ್ ಗರಾಫಾದಲ್ಲಿರುವ ನಮ್ಮ ಕಾಂಪೌಂಡಿನ ಈಜುಕೊಳ ಬೆಳಗಿನ ಹೊತ್ತು ಹೆಂಗಸರು, ಮಕ್ಕಳಿಗೆ ಮೀಸಲು. ಬೆಳಕು ಹರಿಯುವಷ್ಟರಲ್ಲಿ, ಕೊಳ ನೋಡಿಕೊಂಡು ಈಜು ಕಲಿಸುವ ಗುಡ್ರುನ್ ನೀರಿನ ಮೇಲೆ ಕೂತ ಮರಳಿನ ದೂಳು ತೆಗೆದು, ಕ್ಲೋರಿನ್ ಹಾಕಿ, ಅಂಚಿನ ಟೈಲ್ಸ್ ಉಜ್ಜಿರುತ್ತಾರೆ. ಆಮೇಲೆ ಪಾಠ. ಕೋಲಿನಿಂದ ಟೈಲ್ಸಿಗೆ ಒಮ್ಮೆ ತಟ್ಟಿದರೆ ಮಕ್ಕಳು ಕಾಲು ಬಡಿಯಬೇಕು, ಎರಡು ಸಲ ತಟ್ಟಿದರೆ ಗಮನ ಕೊಡಬೇಕು. ಅವರು ಕೂಗುವುದಿಲ್ಲ.

ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ದಿನ ಒಮ್ಮೆ ಕೂಗಿದ್ದರು. ಗೋಡೆಯಾಚೆ ಬಟ್ಟೆ ಬದಲಿಸುತ್ತಿದ್ದ ಉಳ್ಳಾಲದ ಝೈನಬ, ಗಂಡಸು ಒಳಗೆ ಬಂದನೆಂದು ಸಿಕ್ಕ ದುಪಟ್ಟಾ ಸುತ್ತಿಕೊಂಡು ಓಡಿದ್ದಳು. ನೀರಿನಲ್ಲಿದ್ದ ನಾವೂ ಅವಳ ಹಿಂದೆಯೇ.

"ನೀನೇ ಎಲ್ಲರನ್ನೂ ಓಡಿಸಿದ್ದು," ಎಂದು ಈಗಲೂ ಅವಳನ್ನು ಕಾಡಿಸುತ್ತೇವೆ.

"ಹೌದೌದು, ಚಪ್ಪಲಿ ಬಿಟ್ಟು ಓಡಿದ ಧೈರ್ಯವಂತೆ ನೀನಲ್ವಾ!"

ಗುಡ್ರುನ್ ಮಾತ್ರ ನಗುವುದಿಲ್ಲ. ಮರುದಿನದಿಂದಲೇ ಅವರು ಕೋಲು ಹಿಡಿದರು. ಅವರ ದನಿ ಗಂಡಸಿನಂತೆ ದಪ್ಪ. ಜುಮಾನಾಳ ಪ್ರಶ್ನೆ ಬಹಳ ದಿನದಿಂದ ನಾಲಗೆ ತುದಿಯಲ್ಲೇ ಇದೆ. ಅವಳು ಬಾಯಿ ತೆರೆದಾಗಲೆಲ್ಲ ನಾನು ಮೆಲ್ಲಗೆ ಕೈ ಒತ್ತುತ್ತೇನೆ.

ನಲವತ್ತೆರಡರ ಗುಡ್ರುನ್ ಒಂದು ಕಾಲದಲ್ಲಿ ಪೂರ್ವ ಜರ್ಮನಿಗಾಗಿ ದೋಣಿ ಸ್ಪರ್ಧೆಗಳಲ್ಲಿ ಹುಟ್ಟು ಹಾಕಿದವರು. ಅಂಗೈಯ ದಡ್ಡು ಇನ್ನೂ ಕರಗಿಲ್ಲ. ಈ ಲೇಖನಕ್ಕೆಂದು ಕೇಳಿದಾಗ, ಕೋಲಿಗೆ ಬಲೆ ಸಿಕ್ಕಿಸುತ್ತಾ ಪಿಸುದನಿಯಲ್ಲಿ ಹೇಳಿದರು: "ದೋಣಿಯಲ್ಲಿ ನಾವು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತೇವೆ. ಮುಂದೆ ಏನಿದೆ ಅಂತ ಕಾಣುವುದಿಲ್ಲ. ಕೋಚ್ ಹೇಳಿದ್ದನ್ನು ನಂಬಬೇಕು."

ಹದಿನೇಳರ ಹುಡುಗಿಗೆ ಕೋಚ್ ದಿನಾ ಮಾತ್ರೆ ಕೊಡುತ್ತಿದ್ದ. ವಿಟಮಿನ್ ಎಂದಿದ್ದ; ಒಳಗಿದ್ದದ್ದು ಗಂಡಸರ ಹಾರ್ಮೋನು. ಪದಕಗಳು ಬಂದವು. ದನಿ ಒಡೆಯಿತು, ಮತ್ತೆ ಮೊದಲಿನಂತಾಗಲಿಲ್ಲ. ಮಕ್ಕಳಾಗಲಿಲ್ಲ. ಮುಂದೆ ಆ ದೇಶವೇ ಇಲ್ಲವಾಯಿತು, ಅವರ ಕ್ಲಬ್ ಮುಚ್ಚಿತು. ಕೆಲಸ ಹುಡುಕುತ್ತಾ ದೋಹಾಕ್ಕೆ ಬಂದರು.

ಇದು ತೊಂಬತ್ತೆಂಟನೇ ಇಸವಿ. ಅಂಥ ಕೋಚ್‌ಗಳ ಮೇಲೆ ಬರ್ಲಿನ್ನಿನಲ್ಲಿ ಕೇಸು ನಡೆಯುತ್ತಿದೆ. ಬರುವ ವಾರ ಗುಡ್ರುನ್ ಸಾಕ್ಷಿ ಹೇಳಬೇಕು.

"ಹೋಗುತ್ತೀರಾ?"

"ಗೊತ್ತಿಲ್ಲ. ಅಲ್ಲಿ ಎಲ್ಲರೆದುರು ಗಟ್ಟಿಯಾಗಿ ಮಾತಾಡಬೇಕು. ಈ ದನಿಯಲ್ಲಿ." ಬಲೆಯ ಗಂಟು ಬಿಗಿದು ಹೇಳುತ್ತಾರೆ, "ಬೆನ್ನ ಹಿಂದೆ ಪಿಸುಗುಟ್ಟಿದ್ದು ಬೇಕಾದಷ್ಟು ಕೇಳಿದ್ದೇನೆ. ಮುಖ ನೋಡಿ, ಯಾಕೆ ಹೀಗೆ ಅಂತ ಯಾರೂ ಕೇಳಲಿಲ್ಲ. ಅಲ್ಲಿಗೆ ಹೋಗುವ ಮೊದಲು ಒಬ್ಬರಾದರೂ ಕೇಳಲಿ ಅನಿಸುತ್ತದೆ. ಹೇಳಲು ಬರುತ್ತದೋ ಇಲ್ಲವೋ ನೋಡಬೇಕು."

ಪಾಠ ಮುಗಿದಿದೆ. ತಾಯಂದಿರು ಮಕ್ಕಳ ತಲೆ ಒರೆಸುತ್ತಿದ್ದಾರೆ. ಝೈನಬ ಫ್ಲಾಸ್ಕಿನಿಂದ ಚಾ ಬಗ್ಗಿಸುತ್ತಿದ್ದಾಳೆ. ಜುಮಾನಾ ಗುಡ್ರುನ್ ಎದುರು ನಿಂತು, ಹೊರಳಿ ನನ್ನ ಮುಖ ನೋಡುತ್ತಾಳೆ. ಅವಳ ಕೈ ನನ್ನ ಕೈಯಲ್ಲೇ ಇದೆ. ಇವತ್ತು ನಾನು ಒತ್ತುವುದಿಲ್ಲ, ಬಿಡುತ್ತೇನೆ.

ಗುಡ್ರುನ್ ಕೋಲನ್ನು ಗೋಡೆಗೆ ಒರಗಿಸಿ, ಒದ್ದೆ ನೆಲದ ಮೇಲೆ ಮಂಡಿಯೂರಿ ಅವಳ ಎತ್ತರಕ್ಕೆ ಬರುತ್ತಾರೆ.

"ಆಂಟಿ, ನಿಮ್ಮ ವಾಯ್ಸ್ ಯಾಕೆ ನಮ್ಮ ಉಪ್ಪನ ವಾಯ್ಸ್ ಹಾಗೆ ಇದೆ?"