ಅಂಗಳದ ಕೈ

ನನಗೆ ಸನ್ಮಾನ ಮಾಡುವವರು, ನಾನು ಹೋರಾಡಿ ರಾಜಕೀಯಕ್ಕೆ ಬಂದವಳು ಎಂದು ಭಾಷಣ ಮಾಡುತ್ತಾರೆ. ಹಾಗೇನೂ ಇಲ್ಲ. ಅರವತ್ತರ ದಶಕದಲ್ಲಿ ಹೊಸನಗರದ ಕಡೆಯ ನಮ್ಮ ಪಂಚಾಯಿತಿಯಲ್ಲಿ ಹೆಂಗಸರಿಗೆಂದು ಒಂದು ಜಾಗ ಇತ್ತು. ಗಂಡಸರ ಸಭೆಗೆ ತಮ್ಮ ಮನೆಯ ಹೆಂಗಸರನ್ನು ಕಳಿಸಿದರೆ ಮರ್ಯಾದೆ ಹೋಗುತ್ತದೆ ಎಂದು ದೊಡ್ಡ ಮನೆಯವರು ಹಿಂಜರಿದರು. ಊರಾಚೆಯ ದಲಿತ ಕೇರಿಯವಳಾದ ನನಗೆ ಹೋಗಲು ಮರ್ಯಾದೆಯೇ ಇರಲಿಲ್ಲವಲ್ಲ, ನನ್ನನ್ನು ಕರೆದರು.

ಪಂಚಾಯಿತಿಗೆ ಸ್ವಂತ ಕಟ್ಟಡ ಇರಲಿಲ್ಲ. ಅಧ್ಯಕ್ಷರ ಮನೆಯ ಜಗಲಿಯಲ್ಲೇ ಸಭೆ. ಆರು ಜನ ಗಂಡಸರು ಮೇಲೆ ಚಾಪೆಯಲ್ಲಿ, ನಾನೊಬ್ಬಳು ಕೆಳಗೆ ಅಂಗಳದಲ್ಲಿ, ಗೋಣಿಚೀಲದ ಮೇಲೆ. ಹಾಜರಿ ಪುಸ್ತಕವನ್ನು ಮೆಟ್ಟಿಲ ಮೇಲಿಟ್ಟು ಅವರು ಹಿಂದೆ ಸರಿದ ಮೇಲೆ ನಾನು ಹೋಗಿ ಹೆಬ್ಬೆಟ್ಟು ಒತ್ತುತ್ತಿದ್ದೆ. ನಾಚಿಕೆ ಆಗುತ್ತಿರಲಿಲ್ಲವಾ ಎಂದು ಮೊಮ್ಮಗಳು ಕೇಳುತ್ತಾಳೆ. ಆಗುತ್ತಿತ್ತು. ಆದರೂ ಒಂದು ವರ್ಷ ಕೂತೆ, ಒಂದು ಬಾವಿಗಾಗಿ.

ಲಿಂಗನಮಕ್ಕಿಯಲ್ಲಿ ಊರಿಗೆ ಊರೇ ಮುಳುಗುವಷ್ಟು ನೀರು ನಿಲ್ಲಿಸುತ್ತಿದ್ದ ಕಾಲ ಅದು. ನಮ್ಮ ಕೇರಿಗೆ ಮಾತ್ರ ಬೇಸಿಗೆಯಲ್ಲಿ ಗದ್ದೆ ಬದುವಿನ ಒರತೆಯೇ ಗತಿ, ದನ ತುಳಿದ ಕೆಂಪು ನೀರು. ಹಿಂದಿನ ಬೇಸಿಗೆಯಲ್ಲಿ ವಾಂತಿಭೇದಿಯಾಗಿ ಕೇರಿಯ ಎರಡು ಮಕ್ಕಳು ಹೋದವು. ಒಂದು ನನ್ನದು.

ಆ ವರ್ಷ ಸರ್ಕಾರದಿಂದ ಒಂದು ಬಾವಿ ಮಂಜೂರಾಯಿತು. ತಮ್ಮ ಗದ್ದೆಯ ಪಕ್ಕ ಆಗಲಿ ಎಂದು ಅಧ್ಯಕ್ಷರು. ಕೇರಿಗೇ ಆಗಬೇಕು ಎಂದು ಅಡಿಕೆ ತೋಟದ ಸದಸ್ಯರೊಬ್ಬರು. ಅವರು ತೀರ್ಥಹಳ್ಳಿಯಲ್ಲಿ ಸಮಾನತೆಯ ಭಾಷಣ ಕೇಳಿ ಬಂದವರು, ನಮ್ಮ ಅರ್ಜಿಯನ್ನು ಕೂತು ಬರೆದುಕೊಟ್ಟವರು. ಇನ್ನೂ ಇಬ್ಬರು ಸದಸ್ಯರನ್ನು ಅವರೇ ಒಪ್ಪಿಸಿದ್ದರು. ನಾನು ಅವರನ್ನು ದೇವರ ಹಾಗೆ ನಂಬಿದ್ದೆ.

ಸಭೆಯಲ್ಲಿ ಕೈ ಎತ್ತಿಸಿದರು. ಕೇರಿಗೆ ಎಂದು ಜಗಲಿಯಲ್ಲಿ ಮೂರು ಕೈ ಎದ್ದವು, ಅಂಗಳದಲ್ಲಿ ನನ್ನದೊಂದು. ಅಧ್ಯಕ್ಷರು ಎಣಿಸಿದರು. "ಮೂರಕ್ಕೆ ಮೂರು. ಸಮ ಬಂದ್ರೆ ನಾನು ಹೇಳಿದ್ದೇ ಆಯ್ತು."

"ಅಯ್ಯಾ, ನಂದೊಂದು ಕೈ ಐತೆ" ಎಂದೆ.

"ಅಂಗಳದ ಕೈ ಲೆಕ್ಕಕ್ಕಿಲ್ಲ ಮಾರಾಯ್ತಿ. ಸಭೆ ನಡೀತಿರದು ಜಗಲೀಲಿ."

ತೋಟದವರ ಮುಖ ನೋಡಿದೆ. ಎತ್ತಿದ ಕೈ ಎತ್ತಿಕೊಂಡೇ ಅವರು ತಲೆ ತಗ್ಗಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ಮೇಲೇ ಬತ್ತೀನಿ" ಎಂದು ಮೆಟ್ಟಿಲು ಹತ್ತಿ, ಅವರ ಪಕ್ಕದಲ್ಲಿ ಕೂತು ಕೈ ಎತ್ತಿದೆ. ಬೇರೆ ಯಾರ ಪಕ್ಕ ಕೂರುವ ಧೈರ್ಯವೂ ನನಗಿರಲಿಲ್ಲ.

ಅವರು ಗೋಡೆಯ ಕಡೆ ಸರಿದರು. ಎತ್ತಿದ ಕೈ ಇಳಿಸಿ, ನನಗೆ ತಾಗದಂತೆ ಪಂಚೆ ಎಳೆದುಕೊಂಡರು. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಎಂದರೇನು ಎಂದು ಅವತ್ತು ತಿಳಿಯಿತು. ಅಧ್ಯಕ್ಷರು ಈ ಸಲ ನನ್ನನ್ನೂ ಸೇರಿಸಿಯೇ ಎಣಿಸಿದರು. ನನ್ನದೊಂದು ಏರಿತ್ತು, ತೋಟದವರದೊಂದು ಇಳಿದಿತ್ತು. ಮೂರಕ್ಕೆ ಮೂರು. ಬಾವಿ ಅಧ್ಯಕ್ಷರ ಗದ್ದೆಯ ಪಾಲಾಯಿತು.

ಸಂಜೆ ತೋಟದವರು ಕೇರಿಗೆ ಬಂದರು. "ಮನೇಲಿ ಅಮ್ಮ ಇದಾರೆ. ನಿನ್ ಪಕ್ಕ ಕೂತಿದ್ದೆ ಅಂತ ಗೊತ್ತಾದ್ರೆ ಒಳಗೆ ಸೇರ್ಸಲ್ಲ. ನೀನು ಸ್ವಲ್ಪ ತಡೀಬೇಕಿತ್ತು" ಎಂದರು.

"ಇನ್ನೆಷ್ಟು ಬೇಸ್ಗೆ ತಡೀಲಿ ಅಯ್ಯಾ?" ಎಂದೆ.

ಅವರ ಕಣ್ಣು ತುಂಬಿತು. ಅದು ನಾಟಕವಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಆಮೇಲೆ ತಾವಾಗಿಯೇ, "ನಿನ್ ಮನೆ ನೀರು ಕೊಡು, ಕುಡೀತೀನಿ" ಎಂದರು. ಅವರ ಲೆಕ್ಕದಲ್ಲಿ ಅದು ಪ್ರಾಯಶ್ಚಿತ್ತ ಇರಬೇಕು.

ಇದ್ದುದರಲ್ಲಿ ಒಳ್ಳೆಯ ಲೋಟ ತೊಳೆದು, ನೀರು ತುಂಬಿ ಕೊಟ್ಟೆ. ಬಾಯಿಯವರೆಗೆ ಒಯ್ದರು, ನೀರನ್ನು ನೋಡಿದರು, ಲೋಟವನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಹೊರಟುಹೋದರು. ಜಾತಿಗೋ ಕೆಸರಿಗೋ, ನಾನು ಕೇಳಲಿಲ್ಲ.

ಮುಂದೆ ನಾನು ತಾಲ್ಲೂಕು ಮಟ್ಟದವರೆಗೂ ಗೆದ್ದು ಬಂದೆ. ಸಮಾನತೆಯ ಭಾಷಣ ಯಾರು ಮಾಡಿದರೂ ನನಗೆ ಆ ಲೋಟವೇ ನೆನಪಾಗುತ್ತದೆ. ಅವತ್ತು ಆ ನೀರನ್ನು ನಾನು ಚೆಲ್ಲಲಿಲ್ಲ. ತಿರುಗಿ ಗಡಿಗೆಗೇ ಸುರಿದೆ. ಉಳಿದ ಮಕ್ಕಳಿಗೆ ಗಂಜಿ ಕಾಯಿಸಬೇಕಿತ್ತು.